ಮಾಡಿನಡಿ ಕಣಜ ಗೂಡು ಕಟ್ಟಿದರೆ: ತೆಗೆಸುವ ದಾರಿ ಯಾವುದು, ವಿಮೆ ಸಿಗುವ ದಾರಿ ಯಾವುದು?

ಮಳೆ ಬಿಟ್ಟು ನವರಾತ್ರಿ ಹತ್ತಿರ ಬಂದಾಗ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ ಕಡೆಯ ಹಂಚಿನ ಮನೆಗಳಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಅಟ್ಟ ಹತ್ತಿ ಯಾವ ಹಂಚು ಒಡೆದಿದೆ, ಹಂಚು ಹೊರುವ ಮರದ ಯಾವ ಪಕ್ಕಾಸು ಕುಂಬಾಗಿದೆ ಅಂತ ನೋಡುವುದು. ಮೂರು ವರ್ಷದ ಹಿಂದೆ ಹಾಗೆ ಹತ್ತಿದಾಗ ತಲೆಯ ಮೇಲೆ ಗುಂಯ್ ಎಂಬ ಸದ್ದು ಕೇಳಿತು. ಟಾರ್ಚ್ ಬಿಟ್ಟು ನೋಡಿದೆ. ಎರಡು ಪಕ್ಕಾಸಿನ ನಡುವೆ ನೀರು ಕಾಯಿಸುವ ಮಡಕೆಯಷ್ಟು ದೊಡ್ಡ ಗೂಡು. ಬೂದಿ, ಕಂದು, ಬಿಳಿ ಗೆರೆಗಳು ಅಲೆಅಲೆಯಾಗಿ ಸುತ್ತಿಕೊಂಡಿದ್ದವು. ಹಳೇ ಲೆಕ್ಕದ ಪುಸ್ತಕದ ರಟ್ಟಿಗೆ ಅಂಟಿಸುತ್ತಿದ್ದ ಬಣ್ಣದ ಕಾಗದ ಇರುತ್ತದಲ್ಲ, ಥೇಟ್ ಹಾಗೆ. ಕೆಳಗಡೆ ಒಂದು ತೂತು. ತೂತಿನ ಬಾಯಲ್ಲಿ ಕಾವಲಿಗೆ ನಿಂತ ಎರಡು ಹುಳ. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿ.

ನಾನು ಏಣಿ ಇಳಿದ ರಭಸ ನೋಡಿ ಅಮ್ಮ "ಹಾವಾ?" ಎಂದಳು. ಹಾವಾಗಿದ್ದರೆ ಒಳ್ಳೆದಿತ್ತು. ಹಾವು ಹಿಡಿಯಲಿಕ್ಕೆ ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ಇದೆ, ತರಬೇತಿ ಪಡೆದವರು ಬರುತ್ತಾರೆ. ಕಣಜಕ್ಕೆ ಅಂಥದ್ದೇನೂ ಇಲ್ಲ.

ಆ ವಾರ ಸಿಕ್ಕ ಸಲಹೆಗಳಿಗೆ ಲೆಕ್ಕವಿಲ್ಲ. ಆಚೆಮನೆಯವರು "ರಾತ್ರಿ ಒಂದು ಸೂಟೆ (ಒಣ ಗರಿಯ ಪಂಜು) ಹಿಡಿದರೆ ಎರಡು ನಿಮಿಷದ ಕೆಲಸ" ಎಂದರು. ಮಂಗಳೂರಿನ ಭಾವ "ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸು, ಮನೆಗೆ ಇನ್ಶೂರೆನ್ಸ್ ಇದೆಯಲ್ಲ, ಬಿಲ್ಲು ಅದಕ್ಕೆ ಹಾಕು" ಎಂದ. ಮೊದಲನೆಯದು ಅಪಾಯ, ಎರಡನೆಯದು ಭ್ರಮೆ. ಅದು ಗೊತ್ತಾಗಲಿಕ್ಕೆ ನನಗೆ ಹದಿನೈದು ದಿನ ಬೇಕಾಯಿತು, ಚಿಕ್ಕಪ್ಪನಿಗೆ ಹನ್ನೊಂದು ಕುಟುಕು ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಳ ಯಾವುದು ನೋಡಿ

ನಾವು ಎಲ್ಲವನ್ನೂ ಕಣಜ ಅನ್ನುತ್ತೇವೆ. ಮಲಯಾಳ ಮಾತಾಡುವ ನೆರೆಯವರು ಕಡನ್ನಲ್ ಅನ್ನುತ್ತಾರೆ. ಆದರೆ ಏನು ಮಾಡಬೇಕು ಅನ್ನುವುದು ಹುಳ ಯಾವುದು ಅನ್ನುವುದರ ಮೇಲೆ ನಿಂತಿದೆ.

ಫೋಟೋದ ಹಿಂದೆ, ಕಿಟಕಿಯ ಸಂದಿಯಲ್ಲಿ, ಪ್ಲಗ್ಗಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುವುದು ಕುಂಬಾರ ಹುಳ. ಮಲಯಾಳದಲ್ಲಿ ವೇಟ್ಟಾಳನ್. ಒಂಟಿ ಜೀವ, ಕಾವಲು ಸೈನ್ಯ ಇಲ್ಲ. ಜೇಡವನ್ನೋ ಕಂಬಳಿಹುಳವನ್ನೋ ಹಿಡಿದು ತಂದು ಮಣ್ಣಿನೊಳಗೆ ಇಟ್ಟು ಮೊಟ್ಟೆ ಇಡುತ್ತದೆ, ಬಾಗಿಲು ಮುಚ್ಚಿ ಹೋಗುತ್ತದೆ. ಅದನ್ನು ಕೈಯಲ್ಲಿ ಹಿಂಡಿದರೆ ಮಾತ್ರ ಕುಟುಕೀತು. ಇದಕ್ಕೆ ಯಾರನ್ನೂ ಕರೆಯಬೇಡಿ. ಹಳೇ ಚೂರಿಯಲ್ಲಿ ಕೆರೆದರೆ ಸಾಕು. ಪ್ಲಗ್ಗಿನಲ್ಲಿದ್ದರೆ ಮೇನ್ ಸ್ವಿಚ್ ಆಫ್ ಮಾಡಿಯೇ ಕೆರೆಯಿರಿ.

ಎರಡನೆಯದು ಸಣ್ಣ ಕಾಗದದ ಕಣಜ. ಸೂರಿನ ಕೆಳಗೆ ಮಗುಚಿದ ಕೊಡೆಯ ಹಾಗೆ ಗೂಡು, ಕೋಣೆಗಳು ತೆರೆದೇ ಕಾಣುತ್ತವೆ. ಮರದ ನಾರನ್ನು ಅಗಿದು ಜೊಲ್ಲು ಸೇರಿಸಿ ಆ ಕಾಗದ ಮಾಡುವುದು ಅವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಈ ಜಾತಿಯ ಒಂದು ಕಣಜವನ್ನು, ರೊಪಾಲಿಡಿಯಾ ಮಾರ್ಜಿನೇಟಾ ಅಂತ ಅದರ ಹೆಸರು, ದಶಕಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ರಾಣಿಯೂ ಕೆಲಸದ ಹುಳವೂ ನೋಡಲಿಕ್ಕೆ ಒಂದೇ. ಯಾರು ರಾಣಿ ಅಂತ ನಡತೆ ನೋಡಿಯೇ ತಿಳಿಯಬೇಕು. ನಮ್ಮ ಕೂಡುಕುಟುಂಬಗಳ ಹಾಗೆ.

ಮೂರನೆಯದೇ ತಲೆನೋವು. ನಮ್ಮ ಅಟ್ಟದಲ್ಲಿದ್ದದ್ದು ಅದು. ದೊಡ್ಡ ಪಟ್ಟೆ ಕಣಜ. ಗೂಡಿಗೆ ಪೂರ್ತಿ ಹೊದಿಕೆ, ಒಳಗೆ ಎಷ್ಟಿವೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಜೇನುಹುಳ ಕುಟುಕಿದರೆ ಅದರ ಮುಳ್ಳು ನಮ್ಮ ಚರ್ಮದಲ್ಲೇ ಉಳಿದು ಹುಳ ಸಾಯುತ್ತದೆ. ಕಣಜದ ಮುಳ್ಳು ಹಾಗೆ ಉಳಿಯುವುದಿಲ್ಲ. ಒಂದೇ ಹುಳ ನಾಲ್ಕು ಸಲ ಕುಟುಕಬಹುದು. ಗೂಡು ಅಲುಗಿದರೆ ಇಡೀ ಪಡೆಯೇ ಹೊರಗೆ ಬರುತ್ತದೆ.

ಜೇನಾದರೆ ವಿಷಯವೇ ಬೇರೆ. ತುಡುವೆಯನ್ನು ಪೆಟ್ಟಿಗೆಗೆ ಕೂಡಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಸಂತೋಷದಿಂದ ಬಂದು ಕೊಂಡುಹೋಗುತ್ತಾರೆ. ಮುಜಂಟಿ ಜೇನು ಕುಟುಕುವುದೇ ಇಲ್ಲ. ಹೆಜ್ಜೇನು ಮಾತ್ರ ಕಣಜದಷ್ಟೇ ಅಪಾಯ, ಅದಕ್ಕೆ ಪಳಗಿದವರೇ ಬೇಕು.

ಬಿಡುವುದಾ, ತೆಗೆಯುವುದಾ

ಹಟ್ಟಿಯ ಆಚೆ, ತೋಟದ ಮೂಲೆಯಲ್ಲಿ, ಜನ ಓಡಾಡದ ಕಡೆ ಗೂಡಿದ್ದರೆ ಬಿಟ್ಟುಬಿಡಿ ಎನ್ನುವವನು ನಾನು. ಸಣ್ಣ ಕಣಜಗಳು ತರಕಾರಿ ಬಳ್ಳಿಯ ಹುಳಗಳನ್ನು ಹಿಡಿದು ಮರಿಗಳಿಗೆ ತಿನ್ನಿಸುತ್ತವೆ. ಅಲಸಂಡೆ ಬೆಳೆಯುವವರಿಗೆ ಅವು ಪುಕ್ಕಟೆ ಕೂಲಿಯಾಳು. ದೊಡ್ಡ ಪಟ್ಟೆ ಕಣಜದ ಬಗ್ಗೆ ಇದೇ ಮಾತನ್ನು ಧೈರ್ಯದಿಂದ ಹೇಳಲಾರೆ. ತುಡುವೆ ಪೆಟ್ಟಿಗೆ ಇಟ್ಟವರನ್ನು ಕೇಳಿ. ಪೆಟ್ಟಿಗೆಯ ಬಾಗಿಲಲ್ಲಿ ಕಾದು ಕೂತು ಒಂದೊಂದೇ ಜೇನನ್ನು ಎತ್ತಿಕೊಂಡು ಹೋಗುವುದು ಅದೇ.

ಮನೆಯ ಒಳಗೆ, ಬಾಗಿಲ ಮೇಲೆ, ಬಚ್ಚಲ ದಾರಿಯಲ್ಲಿ, ಮಕ್ಕಳು ಆಡುವ ಅಂಗಳದ ಬದಿಯಲ್ಲಿ ಇದ್ದರೆ ಬಿಡುವ ಮಾತಿಲ್ಲ. ಮನೆಯಲ್ಲಿ ಒಮ್ಮೆ ಜೇನೋ ಕಣಜವೋ ಕುಟುಕಿ ಮೈಯೆಲ್ಲ ದಡಿಕೆ ಎದ್ದವರು, ಉಸಿರು ಕಟ್ಟಿದವರು ಯಾರಾದರೂ ಇದ್ದರೆ ಸಣ್ಣ ಗೂಡೂ ಬೇಡ.

ಇನ್ನು ತೆಗೆಯುವ ದಾರಿಗಳು. ಸೂಟೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಎಲ್ಲರ ಬಾಯಿಗೂ ಮೊದಲು ಬರುವುದು ಅದೇ. ಒಣ ತೆಂಗಿನ ಗರಿ ಕಟ್ಟಿ, ಸೀಮೆಎಣ್ಣೆ ಹೊಯ್ದು, ಗೂಡಿಗೆ ಹಿಡಿಯುವುದು. ತೋಟದ ಮರದಲ್ಲಿ ಮಾಡಿದವರಿದ್ದಾರೆ. ಮನೆಯ ಮಾಡಿನಡಿ? ನಮ್ಮ ಅಟ್ಟದಲ್ಲಿ ಆಗ ಏನೇನಿತ್ತು ಅಂತ ಕೇಳಿ. ಹನ್ನೆರಡು ಗೋಣಿ ಒಣ ಅಡಿಕೆ, ಒಂದು ರಾಶಿ ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಅಜ್ಜನ ಕಾಲದ ಮರದ ಮುಚ್ಚಿಗೆ. ಕಣಜದ ಗೂಡು ಅಂದರೆ ಕಾಗದ. ಹೊತ್ತಿಕೊಂಡ ಕಾಗದ ತುಂಡುತುಂಡಾಗಿ ಕೆಳಗೆ ಬೀಳುತ್ತದೆ. ಆಮೇಲೆ ಕಣಜದ ಚಿಂತೆಯೇ ಇರುವುದಿಲ್ಲ, ಮನೆಯೇ ಇರುವುದಿಲ್ಲವಲ್ಲ.

ಅಂಗಡಿಯಲ್ಲಿ ಸಿಗುವ ಜಿರಳೆ ಸ್ಪ್ರೇ ಸಣ್ಣ ತೆರೆದ ಗೂಡಿಗೆ ಆದೀತು, ಅದೂ ಕತ್ತಲಾದ ಮೇಲೆ, ಓಡುವ ದಾರಿ ಇಟ್ಟುಕೊಂಡು. ಹೊದಿಕೆ ಇರುವ ಗೂಡಿಗೆ ಅದು ಬರೀ ಕೆಣಕುವ ಕೆಲಸ. ಮದ್ದು ಹೊದಿಕೆಗೆ ತಾಗುತ್ತದೆ, ಹುಳಗಳು ಒಳಗೆ ಹಾಗೇ ಇರುತ್ತವೆ, ನೀವು ಏಣಿಯ ಮೇಲೆ ಇರುತ್ತೀರಿ. ಕಣಜದ ಕುಟುಕಿಗಿಂತ ಏಣಿಯಿಂದ ಬಿದ್ದ ಪೆಟ್ಟೇ ಜಾಸ್ತಿ ಆಗುವ ಕೆಲಸ ಇದು.

ಊರಲ್ಲಿ ಗೂಡು ತೆಗೆಯುವ ಒಬ್ಬ ಪಳಗಿದ ಮನುಷ್ಯ ಎಲ್ಲ ಕಡೆ ಇರುತ್ತಾನೆ. ಅಗ್ಗ, ಹತ್ತಿರ, ಕರೆದರೆ ಅದೇ ರಾತ್ರಿ ಬರುತ್ತಾನೆ. ನಮ್ಮಲ್ಲಿಗೆ ಬಂದವನು ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡಿದ್ದ. ಕೆಂಪು ಬೆಳಕು ಹುಳಗಳ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಬಿಳಿ ಬೆಳಕು ಹಾಕಿದರೆ ನೇರ ಅದರ ಮೇಲೆಯೇ ಬರುತ್ತವೆ. ಆ ಉಪಾಯ ಮೆಚ್ಚಿದೆ. ಮೆಚ್ಚದಿದ್ದದ್ದು ಅವನು ಬರಿಗೈಯಲ್ಲಿ ಬಂದದ್ದು. ಕೈಗವಸಿಲ್ಲ, ಮುಖಕ್ಕೆ ಬಲೆಯಿಲ್ಲ. "ಎಷ್ಟು ಕಚ್ಚಿದೆಯೋ ಲೆಕ್ಕವಿಲ್ಲ, ಅಭ್ಯಾಸ ಆಗಿದೆ" ಎಂದ. ಇದೇ ತಪ್ಪು ಲೆಕ್ಕ. ಕುಟುಕಿಸಿಕೊಂಡಷ್ಟು ಗಟ್ಟಿಯಾಗುತ್ತೇವೆ ಅಂತೇನಿಲ್ಲ. ಎಷ್ಟೋ ಜನರಿಗೆ ಅಲರ್ಜಿ ಬರುವುದೇ ಹಿಂದೆ ಕುಟುಕಿಸಿಕೊಂಡ ಮೇಲೆ. ನಾನು ಅವನನ್ನು ಚಾ ಕುಡಿಸಿ ಕಳಿಸಿದೆ. ಅವನು ನಮ್ಮ ಅಟ್ಟದಿಂದ ಬಿದ್ದರೆ ಅವನ ಮನೆಗೆ ಯಾರು ಗತಿ? ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮೆ ಇದೆ. ಗೂಡು ತೆಗೆಯುವವನಿಗೆ ಅಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅಗ್ನಿಶಾಮಕ ದಳ, 101. ಕಾಸರಗೋಡಿನಲ್ಲಿ, ಉಪ್ಪಳದಲ್ಲಿ ಠಾಣೆಗಳಿವೆ. ಶಾಲೆಯ ಬಳಿ, ರಸ್ತೆ ಬದಿ, ಯಾರಿಗಾದರೂ ಈಗಾಗಲೇ ಕುಟುಕಿದೆ ಎನ್ನುವಂಥ ಸಂದರ್ಭದಲ್ಲಿ ಇವರೇ ಸರಿ. ದುಡ್ಡಿನ ಮಾತೇ ಇಲ್ಲ. ಆದರೆ ಅಟ್ಟದ ಮೂಲೆಯಲ್ಲಿ ಸುಮ್ನೆ ಇರುವ ಗೂಡಿಗೆ ಅವರು ಎಲ್ಲ ಕೆಲಸ ಬಿಟ್ಟು ಬರಬೇಕು ಅನ್ನುವುದು ನ್ಯಾಯವಲ್ಲ.

ಪೆಸ್ಟ್ ಕಂಟ್ರೋಲ್ ಕಂಪನಿ ದುಬಾರಿ. ಮಂಗಳೂರಿನಿಂದ ಬಂದರೆ ತಲಪಾಡಿ ದಾಟಿ ಬರುವ ಗಾಡಿಯ ಖರ್ಚೂ ಸೇರುತ್ತದೆ. ಆದರೂ ಮನೆಯೊಳಗಿನ ದೊಡ್ಡ ಗೂಡಿಗೆ ನಾನು ಆರಿಸಿದ್ದು ಇದನ್ನೇ. ಇಬ್ಬರು ಬಂದರು. ಮೈಯೆಲ್ಲ ಮುಚ್ಚುವ ಬಿಳಿ ಅಂಗಿ, ಮುಖಕ್ಕೆ ಬಲೆ. ಮುಸ್ಸಂಜೆ ಕಳೆದ ಮೇಲೆ ತೂತಿನೊಳಗೆ ಪುಡಿ ಊದಿದರು. ಮರುದಿನ ಬಂದು ಗೂಡನ್ನು ಚೀಲದೊಳಗೆ ಕಡಿದು ಇಳಿಸಿದರು.

ಕರೆಸುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಮದ್ದಿನ ಹೆಸರೇನು? ಬೇರೆ ಊರಿನವರಿಗೆ ಇದು ಕಿರಿಕಿರಿ ಪ್ರಶ್ನೆ ಅನ್ನಿಸಬಹುದು. ಎಣ್ಮಕಜೆಯ ಪಕ್ಕದಲ್ಲಿ ಬೆಳೆದವರಿಗೆ ಹಾಗನ್ನಿಸುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು, ಆಮೇಲೆ ಜನರ ಆರೋಗ್ಯಕ್ಕೆ ಆದದ್ದನ್ನು ನಾವು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಈಗ ಮನೆಗಳಲ್ಲಿ ಹೆಚ್ಚಾಗಿ ಬಳಸುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಗುಂಪಿನ ಮದ್ದು. ಅವು ಮನುಷ್ಯರಿಗೆ ಅಷ್ಟು ಕೆಡುಕಲ್ಲ. ಆದರೆ ಮೀನಿಗೆ, ಜೇನಿಗೆ ಘೋರ ವಿಷ. ಮನೆ ಹಿಂದೆ ಗುಡ್ಡದೊಳಗೆ ತೋಡಿದ ಸುರಂಗದ ನೀರು ಮದಕಕ್ಕೆ (ಕೆರೆಗೆ) ಹರಿದು ಬರುತ್ತಿದ್ದರೆ, ತುಡುವೆ ಪೆಟ್ಟಿಗೆ ಇದ್ದರೆ, ಮೊದಲೇ ಹೇಳಿ. ಮದ್ದು ಕಲಸಿದ ಬಕೆಟ್ ಎಲ್ಲಿ ತೊಳೆಯುತ್ತಾರೆ ಅಂತ ಕಣ್ಣಿಟ್ಟು ನೋಡಿ. ಕೀಟನಾಶಕದ ಲೈಸನ್ಸ್ ಇದೆಯಾ ಅಂತಲೂ ಕೇಳಿ. ಬಿಲ್ಲಿನಲ್ಲಿ ಮದ್ದಿನ ಹೆಸರು ಬರೆಸಿಕೊಳ್ಳಿ.

ಮನೆ ವಿಮೆ: ಗೂಡಿಗೆ ಇಲ್ಲ, ಬೆಂಕಿಗೆ ಇದೆ

ಭಾವನ ಮಾತು ನಂಬಿ ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಕಣಜದ ಗೂಡು ತೆಗೆಸಿದ ಖರ್ಚು ವಿಮೆಯಲ್ಲಿ ಸಿಗುತ್ತದೆ ಅಂತಲೇ ಬಂತು. ಖುಷಿಯಾಯಿತು. ಆಮೇಲೆ ನೋಡಿದರೆ ಅದು ಬ್ರಿಟನ್ನಿನ ಸಂಗತಿ. ಅಲ್ಲಿ ಮನೆ ವಿಮೆಯ ಜೊತೆ 'ಹೋಮ್ ಎಮರ್ಜೆನ್ಸಿ' ಎಂಬ ಹೆಚ್ಚುವರಿ ರಕ್ಷಣೆ ಸಿಗುತ್ತದೆ. ಪೈಪ್ ಒಡೆದರೆ, ಬೀಗ ಕೆಟ್ಟರೆ ಮಾತ್ರವಲ್ಲ, ಕೆಲವು ಪಾಲಿಸಿಗಳಲ್ಲಿ ಕಣಜದ ಗೂಡಾದರೂ ಜನ ಕಳಿಸಿಕೊಡುತ್ತಾರೆ. ನಮ್ಮಲ್ಲಿ ಕತೆ ಬೇರೆ.

ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿ, ಸಿಡಿಲು, ಚಂಡಮಾರುತ, ನೆರೆ, ಗುಡ್ಡ ಕುಸಿತ, ಭೂಕಂಪ, ಮರ ಬಿದ್ದು ಆದ ಹಾನಿ, ಗಲಭೆ, ಹೀಗೆ ಒಂದು ಪಟ್ಟಿ. ಪಟ್ಟಿಯಲ್ಲಿರುವುದು ನಡೆದರೆ ದುಡ್ಡು. ಕಣಜ, ಗೆದ್ದಲು, ಇಲಿ ಅದರಲ್ಲಿಲ್ಲ. ಗೂಡು ತೆಗೆಸಲಿಕ್ಕೆ ಬಿಚ್ಚಿದ ಹಂಚು ಒಡೆದರೂ ಇಲ್ಲ. ಹಾಗಂತ ಪಾಲಿಸಿ ಬೇಡ ಅನ್ನುತ್ತಿಲ್ಲ. ತುಲಾ ಮಾಸದ ಸಿಡಿಲು ನೋಡಿದವರು, ಮಾಡಿನ ಮೇಲೆ ಅಡಿಕೆ ಮರ ಬಿದ್ದವರು ತೆಗೆದುಕೊಳ್ಳಲೇಬೇಕು. ಕಟ್ಟಡದ ವಿಮೆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ಸಿಗುತ್ತದೆ.

ಈಗ ತಮಾಷೆ ನೋಡಿ. ಗೂಡು ತೆಗೆಸಿದ ಸಣ್ಣ ಬಿಲ್ಲು ಈ ಪಾಲಿಸಿಯಲ್ಲಿ ಸಿಗುವುದಿಲ್ಲ. ಸೂಟೆ ಹಿಡಿದು ಮನೆಯೇ ಸುಟ್ಟರೆ ಬೆಂಕಿ ಪಟ್ಟಿಯಲ್ಲಿದೆ. ಆದರೆ ಬೇಕೆಂದೇ ಮಾಡಿದ್ದಕ್ಕೆ ಇಲ್ಲ ಎಂಬ ಸಾಲೂ ಅದೇ ಪಾಲಿಸಿಯಲ್ಲಿದೆ. ಹಾನಿ ಅಳೆಯುವ ವಿಮೆಯ ಸರ್ವೇಯರ್ ಬಂದು "ಬೆಂಕಿ ಯಾರು ಹಚ್ಚಿದರು?" ಎನ್ನುತ್ತಾನೆ. ನೀವು "ಗೂಡಿಗೆ ಹಚ್ಚಿದ್ದು, ಮನೆಗಲ್ಲ" ಎನ್ನುತ್ತೀರಿ. ಆ ವಾದ ಗೆಲ್ಲಲೂಬಹುದು. ಸುಟ್ಟ ಮನೆಯ ಅಂಗಳದಲ್ಲಿ ನಿಂತು ಆ ವಾದ ಮಾಡುವುದು ಬೇಕಾ ಹೇಳಿ.

ಆರೋಗ್ಯ ವಿಮೆ: ನಿಜವಾಗಿ ಕೆಲಸಕ್ಕೆ ಬರುವುದು

ಕಂಪನಿಯವರು ಬರುವ ಹಿಂದಿನ ದಿನ ಚಿಕ್ಕಪ್ಪ "ನಾನೂ ಒಮ್ಮೆ ನೋಡ್ತೇನೆ" ಅಂತ ಅಟ್ಟ ಹತ್ತಿದರು. ಕೈಯಲ್ಲಿ ಬಿಳಿ ಟಾರ್ಚ್. ಇಳಿದು ಬರುವಾಗ ಕುತ್ತಿಗೆಗೆ, ಕಿವಿಗೆ, ಬೆನ್ನಿಗೆ ಸೇರಿ ಹನ್ನೊಂದು. ಅಮ್ಮ ಸುಣ್ಣದ ಡಬ್ಬಿ ತಂದಳು. ನಾನು ತಡೆದೆ. ಸುಣ್ಣ ಚರ್ಮ ಸುಡುತ್ತದೆ, ವಿಷ ತೆಗೆಯುವುದಿಲ್ಲ. ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟೆವು. ಬೆರಳಿನ ಉಂಗುರ ತೆಗೆಸಿದೆವು, ಬಾತರೆ ಆಮೇಲೆ ಬರುವುದಿಲ್ಲ. ಕಾಲು ಗಂಟೆಯಲ್ಲಿ ಮೈಯೆಲ್ಲ ದಡಿಕೆ, ದನಿ ಗೊಗ್ಗರು. ದನಿ ಬದಲಾಯಿತು, ಉಸಿರು ಕಟ್ಟಿತು, ತಲೆ ತಿರುಗಿತು ಅಂದರೆ ಕಾಯಬಾರದು, 108ಕ್ಕೆ ಮಾಡಿ ಅಥವಾ ಸಿಕ್ಕ ಗಾಡಿ ಹತ್ತಿ. ಅಲರ್ಜಿಯ ಈ ಆಘಾತಕ್ಕೆ ಮೊದಲ ಮದ್ದು ಅಡ್ರಿನಲಿನ್, ತೊಡೆಗೆ ಕೊಡುವ ಇಂಜೆಕ್ಷನ್. ಹಾವಿನ ವಿಷಕ್ಕೆ ಇರುವ ಹಾಗೆ ಕಣಜದ ವಿಷಕ್ಕೆ ಪ್ರತಿವಿಷ ಇಲ್ಲ. ತುಂಬ ಕುಟುಕಿದ್ದರೆ ಎರಡು ಮೂರು ದಿನದಲ್ಲಿ ಮೂತ್ರಪಿಂಡ ಕೆಡುವ ಅಪಾಯವಿದೆ. ಮೂತ್ರ ಕಡಿಮೆಯಾದರೆ, ಕಪ್ಪಾದರೆ ಮತ್ತೆ ಆಸ್ಪತ್ರೆಗೆ ಓಡಬೇಕು.

ಚಿಕ್ಕಪ್ಪ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆಮೇಲೆ ಶುರುವಾದದ್ದು ಕಾಗದದ ಕುಟುಕು. ಅವರ ಆರೋಗ್ಯ ವಿಮೆ ಮಾಡಿ ಇಪ್ಪತ್ತು ದಿನವಷ್ಟೇ ಆಗಿತ್ತು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಕಾಯಿಲೆಗೆ ದುಡ್ಡು ಸಿಗುವುದಿಲ್ಲ, ಅಪಘಾತಕ್ಕೆ ಮಾತ್ರ ಮೊದಲ ದಿನದಿಂದಲೇ ಸಿಗುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಏನು ಬರೆದಿತ್ತು ಗೊತ್ತಾ? 'ತೀವ್ರ ಅಲರ್ಜಿ'. ಅಷ್ಟೇ. ಯಾವುದರಿಂದ ಅಂತ ಇಲ್ಲ. ವಿಮೆಯವರ ಉತ್ತರ ಬಂತು: ಇದು ಕಾಯಿಲೆ, 30 ದಿನ ಆಗಿಲ್ಲ, ಕ್ಲೇಮ್ ಇಲ್ಲ.

ಮತ್ತೆ ಆಸ್ಪತ್ರೆಗೆ ಹೋದೆವು. ಕೇಸ್ ಶೀಟಿನ ಮೊದಲ ಪುಟದಲ್ಲಿ ನರ್ಸ್ ಬರೆದುಕೊಂಡದ್ದು ಸ್ಪಷ್ಟವಾಗಿತ್ತು. ಸಂಜೆ ಇಷ್ಟು ಗಂಟೆಗೆ ಮನೆಯಲ್ಲಿ ಕಡನ್ನಲ್ ಕುಟುಕಿದ್ದು, ಹನ್ನೊಂದು ಕಡೆ. ಅದು ಡಿಸ್ಚಾರ್ಜ್ ಕಾಗದಕ್ಕೆ ಇಳಿದಿರಲಿಲ್ಲ. ಡಾಕ್ಟರು ತಿದ್ದಿ ಸೀಲು ಹಾಕಿ ಕೊಟ್ಟರು. ಒಂದು ತಿಂಗಳ ಬಳಿಕ ದುಡ್ಡು ಬಂತು. ಆದ್ದರಿಂದ ಮನೆಗೆ ಹೊರಡುವ ಮೊದಲು ಆ ಕಾಗದ ಓದಿ. ಕಣಜ ಕುಟುಕಿದ್ದು, ದಿನ, ಹೊತ್ತು, ಜಾಗ ಇಷ್ಟೂ ಇರಬೇಕು. 'ಯಾವುದೋ ಹುಳ' ಅಂತ ಇದ್ದರೆ ಅಲ್ಲೇ ತಿದ್ದಿಸಿ.

ಆರೋಗ್ಯ ವಿಮೆಯಲ್ಲಿ ಇನ್ನೊಂದು ತೊಡಕು 24 ಗಂಟೆ. ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್ ಕೊಟ್ಟು ಆರು ಗಂಟೆ ಮಲಗಿಸಿ ಕಳಿಸಿದರೆ ಸಾಮಾನ್ಯ ಪಾಲಿಸಿಗಳಲ್ಲಿ ಏನೂ ಸಿಗುವುದಿಲ್ಲ, ಹೊರರೋಗಿ ಖರ್ಚಿನ ರಕ್ಷಣೆ ಇದ್ದರೆ ಮಾತ್ರ ಸಿಕ್ಕೀತು. ಮಂಜೇಶ್ವರ, ಕುಂಬಳೆ ಕಡೆಯವರು ಹೇಗೂ ಮಂಗಳೂರಿಗೇ ಓಡುತ್ತೇವೆ. ಅದರಿಂದ ತೊಂದರೆಯಿಲ್ಲ. 2024ರ ಜನವರಿಯಿಂದ, ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವುದು) ಕೇಳಬಹುದು. ತುರ್ತಾಗಿ ಸೇರಿದ್ದಾದರೆ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಂಥವರು ಗಡಿ ದಾಟುವ ಮೊದಲು ಆ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದಾ ಅಂತ ಒಂದು ಫೋನ್ ಮಾಡಿ. ಜೀವಕ್ಕೆ ಅಪಾಯ ಇದ್ದಾಗ ಫೋನೂ ಬೇಡ, ಹತ್ತಿರದ್ದೇ ಆಸ್ಪತ್ರೆ.

ಅಪಘಾತ ವಿಮೆ: 20 ರೂಪಾಯಿಯದ್ದು ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಮ್ಮಲ್ಲಿ ಎಷ್ಟೋ ಜನರ ಬ್ಯಾಂಕ್ ಖಾತೆಯಲ್ಲಿ ಗೊತ್ತಿಲ್ಲದೆಯೇ ಇದೆ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿದಿದ್ದರೆ ಅದೇ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಆಸ್ಪತ್ರೆ ಬಿಲ್ಲಿಗೆ ಒಂದು ಪೈಸೆ ಇಲ್ಲ. ಆದ್ದರಿಂದ ಇದು ಆರೋಗ್ಯ ವಿಮೆಯ ಬದಲು ಅಲ್ಲ, ಅದರ ಜೊತೆಗೆ ಇರಬೇಕಾದದ್ದು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಇಂಥವಕ್ಕೆ ಆಗಲೇ ಆಸ್ಪತ್ರೆಯಲ್ಲಿ ಆದ ದಾಖಲೆ ಬೇಕು ಅಂತ ಈ ಯೋಜನೆಯೇ ಹೇಳುತ್ತದೆ. ಕಣಜಕ್ಕೂ ಅದೇ ದಾರಿ ಹಿಡಿಯಿರಿ.

ಹುಳ ಕಚ್ಚಿದ್ದು ಅಪಘಾತವಾ? 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಬಂದಿತ್ತು. ಮೊಜಾಂಬಿಕ್‌ನಲ್ಲಿ ಸೊಳ್ಳೆ ಕಚ್ಚಿ ಮಲೇರಿಯಾ ಬಂದು ಒಬ್ಬರು ತೀರಿಕೊಂಡಿದ್ದರು. ಮಲೇರಿಯಾ ಅಷ್ಟೊಂದು ಇರುವ ಜಾಗದಲ್ಲಿ ಅದು ಅಪಘಾತ ಅಲ್ಲ, ಕಾಯಿಲೆ ಅಂತ ಕೋರ್ಟ್ ಹೇಳಿತು. ಈ ತೀರ್ಪನ್ನು ಕಣಜಕ್ಕೂ ಎಳೆದು ತರುವವರು ಸಿಗಬಹುದು. ನನ್ನ ಲೆಕ್ಕದಲ್ಲಿ ಎರಡೂ ಒಂದಲ್ಲ. ಸೊಳ್ಳೆ ರೋಗಾಣು ಬಿಟ್ಟು ಹೋಗುತ್ತದೆ, ರೋಗ ದಿನಗಟ್ಟಲೆ ಒಳಗೆ ಬೆಳೆಯುತ್ತದೆ. ಕಣಜ ವಿಷ ಚುಚ್ಚುತ್ತದೆ, ಹಾನಿ ಆ ಗಳಿಗೆಯಲ್ಲೇ ಶುರು. ಆಸ್ಪತ್ರೆಗಳು ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ಕಾಯಿಲೆಗಳ ಪಟ್ಟಿಯಲ್ಲೂ ಮಲೇರಿಯಾ ಅಂಟುರೋಗಗಳ ಅಧ್ಯಾಯದಲ್ಲಿದೆ. ಕಣಜ, ಜೇನು ಕುಟುಕಿದ್ದು ಅಪಘಾತಗಳ ಗುಂಪಿನಲ್ಲಿದೆ, ಅದರ ನಂಬರ್ ಎಕ್ಸ್23. ಡಾಕ್ಟರ ಹತ್ತಿರ ಆ ನಂಬರ್ ಬರೆಸಿಕೊಳ್ಳಿ. ಬೇರೆ ಖಾಸಗಿ ಅಪಘಾತ ಪಾಲಿಸಿ ಕೊಳ್ಳುವವರು ಹುಳದ ಕಡಿತವನ್ನು ಹೊರಗಿಟ್ಟಿದ್ದಾರಾ ಅಂತ ಮೊದಲೇ ನೋಡಿ. ಬೆಲೆ ಆಮೇಲೆ ನೋಡಿದರಾಯಿತು.

ಅಪಘಾತವೋ ಕಾಯಿಲೆಯೋ ಎಂಬ ಜಗಳವೇ ಬೇಡ ಅನ್ನುವವರಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ಇದೆ. ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದ ಒಳಗೆ ಸೇರಬೇಕು, ಸಾವು ಯಾವ ಕಾರಣದಿಂದಾದರೂ 2 ಲಕ್ಷ. ಸೇರಿದ ಮೊದಲ 30 ದಿನ ಮಾತ್ರ ಅಪಘಾತಕ್ಕಷ್ಟೇ.

ವಿಮೆಯೇ ಇಲ್ಲದವರೂ ಒಂದು ಸಂಗತಿ ತಿಳಿದಿರಬೇಕು. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಕೇರಳ ಸರ್ಕಾರ 2022ರಲ್ಲಿ ಜೇನು, ಕಣಜ ಕುಟುಕಿ ಸತ್ತವರ ಕುಟುಂಬಕ್ಕೂ ವಿಸ್ತರಿಸಿತು. ಕೊಡುವುದು ಅರಣ್ಯ ಇಲಾಖೆಯ ಮೂಲಕ. ಮೊತ್ತ, ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ರೇಂಜ್ ಆಫೀಸಿನಲ್ಲೇ ಕೇಳಿ. ಪೋಸ್ಟ್‌ಮಾರ್ಟಂ ಬೇಡ ಅಂತ ದುಃಖದಲ್ಲಿ ಹೇಳಿಬಿಟ್ಟರೆ ಆಮೇಲೆ ಕಾರಣ ತೋರಿಸುವುದು ಬಹಳ ಕಷ್ಟ.

ಭಾಷೆಯ ಮಾತು, ದೂರಿನ ಮಾತು

ನಮ್ಮ ಪಾಲಿಗೆ ಎಲ್ಲ ಕಾಗದವೂ ಒಂದೋ ಇಂಗ್ಲಿಷ್, ಇಲ್ಲ ಮಲಯಾಳ. ಅಪ್ಪ ಸಹಿ ಹಾಕಿದ್ದು ಯಾವುದಕ್ಕೆ ಅಂತ ಅಪ್ಪನಿಗೇ ಗೊತ್ತಿರುವುದಿಲ್ಲ. 2024ರ ಜನವರಿ 1ರಿಂದ ಆರೋಗ್ಯ ವಿಮೆಯ ಜೊತೆ ಹೊಸ ಮಾದರಿಯ ಗ್ರಾಹಕ ಮಾಹಿತಿ ಹಾಳೆ ಕೊಡಬೇಕು. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಎಷ್ಟು ದಿನ ಕಾಯಬೇಕು ಅನ್ನುವುದೆಲ್ಲ ಅದರಲ್ಲಿ ಸರಳವಾಗಿ ಇರುತ್ತದೆ. ಕೇಳಿದರೆ ನಮ್ಮ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಬೇಕು ಅಂತ ಇಮೇಲಿನಲ್ಲಿ ಬರೆದು ಕೇಳಿ. ಪಾಲಿಸಿ ಬಂದು 30 ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ ಮಾಡಲೂಬಹುದು.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿ. ಫೀಸಿಲ್ಲ, ವಕೀಲರು ಬೇಡ. ಕೇರಳಕ್ಕೆ ಕೊಚ್ಚಿಯಲ್ಲಿದೆ. ಗಡಿಯವರಿಗೆ ಇಲ್ಲೊಂದು ಅನುಕೂಲ ಇದೆ. ದೂರು ಕೊಡುವವನ ಮನೆ ಇರುವ ಕಡೆ ಮಾತ್ರವಲ್ಲ, ಕಂಪನಿಯ ಬ್ರಾಂಚ್ ಇರುವ ಕಡೆಯ ಓಂಬುಡ್ಸ್‌ಮನ್ ಹತ್ತಿರವೂ ಹೋಗಬಹುದು. ಪಾಲಿಸಿ ಮಂಗಳೂರು ಬ್ರಾಂಚಿನದ್ದಾದರೆ ಬೆಂಗಳೂರಿಗೆ ಬರೆಯಬಹುದು, ಕನ್ನಡದಲ್ಲಿ ಮಾತಾಡಬಹುದು.

ನನ್ನನ್ನು ಕೇಳಿದರೆ

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಗೂಡು ತೆಗೆಸಲಿಕ್ಕೆ ಅದನ್ನು ಖರ್ಚು ಮಾಡಿ, ಅದು ಯಾವ ವಿಮೆಯಿಂದಲೂ ವಾಪಸ್ ಬರುವುದಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. 20 ರೂಪಾಯಿಯದ್ದು ಇದೆಯಾ ಅಂತ ಪಾಸ್‌ಬುಕ್ ನೋಡಿ. ಆರೋಗ್ಯ ವಿಮೆ ಇಲ್ಲದವರು ಈ ವರ್ಷ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಮನೆ ವಿಮೆ ಸಿಡಿಲಿಗಾಗಿ ಇರಲಿ, ಕಣಜಕ್ಕಾಗಿ ಅಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ನನಗೆ ಮರುವರ್ಷ ಗೊತ್ತಾಯಿತು. ದೊಡ್ಡ ಕಣಜದ ಗೂಡನ್ನು ಶುರುವಿನಲ್ಲಿ ಕಟ್ಟುವುದು ಒಂದೇ ಒಂದು ರಾಣಿ. ಆಗ ಅದು ನಿಂಬೆಹಣ್ಣಿನಷ್ಟು, ಒಳಗೆ ಬೆರಳೆಣಿಕೆಯ ಕೋಣೆ, ಕಾವಲಿಗೆ ಯಾರೂ ಇಲ್ಲ. ಈಗ ಏಪ್ರಿಲ್‌ನ ಬಿಸು ಹಬ್ಬ ಕಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ಅಟ್ಟ ಹತ್ತುತ್ತೇನೆ. ಕಳೆದ ಮೇ ತಿಂಗಳಲ್ಲಿ ಅದೇ ಪಕ್ಕಾಸಿನಲ್ಲಿ ಒಂದು ಸಿಕ್ಕಿತು. ರಾಣಿ ಹೊರಗೆ ಹೋದ ಹೊತ್ತು ನೋಡಿ ಉದ್ದ ಕೋಲಿಗೆ ಹಿಡಿಸೂಡಿ ಕಟ್ಟಿ ಉದುರಿಸಿದೆ. ಚಿಕ್ಕಪ್ಪ ಏಣಿ ಹಿಡಿದುಕೊಂಡು ಕೆಳಗೇ ನಿಂತಿದ್ದರು.